ಕೌದಿ, ಚೀಲ ಮತ್ತ ಒಂದು ವೈರಸ್ಸು

ಮುಂಜಾನೆ ಗದಗಿನ ಮನ್ಯಾಗ ಅವ್ವ ಕೌದಿ ಚೀಲದಾಗ ತುರುಕಲಿಕ್ಕೆ ಮಣಕಾಲು ಊರಿ ಒತ್ತೂದು ನೋಡಿ ಫೈ29 ನೆನಪಾತು. ಬ್ಯಾಕ್ಟೀರಿಯಾಕ್ಕ ಅಂಟೂ ವೈರಸ್ಸದು. ಅದರ ಡಿಎನ್‌ಎ ಸುಮಾರು 6.6 ಮೈಕ್ರೊಮೀಟರ್ (ಅಂದ್ರ 6,600 ನ್ಯಾನೊಮೀಟರ್) ಉದ್ದ, ಪ್ರೋಟೀನ್ ಚಿಪ್ಪು ಬರೇ 54 ನ್ಯಾನೊಮೀಟರ್. ನೂರು ಪಟ್ಟಿಗಿಂತ ಉದ್ದನ ದಾರ! ಮೊದಲ ಖಾಲಿ ಚಿಪ್ಪು ತಯಾರಾಗತದ. ಆಮ್ಯಾಲೆ ಅದರ ಬಾಯಿಗೆ ಕುಂತ ಅಣುಗಳ ಮೋಟರು ಎಟಿಪಿ (ಜೀವಕೋಶದ ಇಂಧನ) ಸುಡಕೋತ ಡಿಎನ್‌ಎ ಒಳಗ ಎಳೀತದ, ಐದಾರು ನಿಮಿಷದಾಗ. ಋಣ ವಿದ್ಯುತ್ತಿನ ಡಿಎನ್‌ಎ ತನ್ನ ತಾನ ದೂಡತದ, ಹಿಂಗಾಗಿ ತುಂಬಿದಂಗ ಮೋಟರಿನ ವೇಗ ಇಳೀತದ. ಅವ್ವಗೂ ಹಂಗ ಆತು. 2001ರಾಗ ಲೇಸರ್ ಬೆಳಕಿನ ಚಿಮಟಾದಾಗ ಹಿಡದು ಆ ಬಲ ಅಳದಾರ: 57 ಪಿಕೊನ್ಯೂಟನ್ ತನಕ (ಒಂದು ಪಿಕೊನ್ಯೂಟನ್ ಅಂದ್ರ ನ್ಯೂಟನ್ನಿನ ಲಕ್ಷ ಕೋಟಿಯೊಳಗ ಒಂದು ಪಾಲು). ಆ ಒಳಒತ್ತಡನ ಮುಂದ ಡಿಎನ್‌ಎ ಹೊರಗ ಚಿಮ್ಮಲಿಕ್ಕೂ ನೆರವಾಗತದಂತ.

ನಮ್ಮ ಚೀಲದ ಚೈನು ಅಣ್ಣಿಗೇರಿ ದಾಟೂದ್ರಾಗ ಕಿತ್ತು ಬಂತು. ಕೌದಿ ಈಗ ಬಾಜೂ ಸೀಟಿನ ಅಜ್ಜಾರ ತೊಡೀ ಮ್ಯಾಲದ.