ಸಿಕ್ಸರ್ ರಿಂಕು ಅಲ್ಲ, ಇನ್ನೊಬ್ಬ ರಿಂಕು

ರಿಂಕು ಸಿಂಗ್ ಅಂದ ಕೂಡಲೇ ನಮ್ಮ ಕಾರವಾರದ ಹುಡುಗರಿಗೆ ನೆನಪಾಗುವುದು 2023ರ ಐಪಿಎಲ್‌ನಲ್ಲಿ ಕೊನೇ ಓವರ್‌ಗೆ ಐದು ಸಿಕ್ಸರ್ ಬಾರಿಸಿದವನು. ನಾನು ಹೇಳುತ್ತಿರುವುದು ಅದೇ ಹೆಸರಿನ, ಅದೇ ಉತ್ತರ ಪ್ರದೇಶದ ಇನ್ನೊಬ್ಬನ ಬಗ್ಗೆ. ಎಡಗೈಯವನು, ಜಾವೆಲಿನ್ ಎಸೆಯುತ್ತಿದ್ದ. 2008ರಲ್ಲಿ ಅಮೆರಿಕದವರು ಇಲ್ಲಿ ನಡೆಸಿದ ಟಿವಿ ಸ್ಪರ್ಧೆಯೊಂದರಲ್ಲಿ ಗಂಟೆಗೆ 140 ಕಿ.ಮೀ. ವೇಗದಲ್ಲಿ ಚೆಂಡೆಸೆದು ಗೆದ್ದ. ಅದೇ ವರ್ಷ ಪಿಟ್ಸ್‌ಬರ್ಗ್ ಪೈರೇಟ್ಸ್ ಅನ್ನುವ ಅಮೆರಿಕದ ಬೇಸ್‌ಬಾಲ್ ತಂಡ ಅವನನ್ನೂ ಅದೇ ಸ್ಪರ್ಧೆಯಲ್ಲಿದ್ದ ದಿನೇಶ್ ಪಟೇಲನನ್ನೂ ಸೇರಿಸಿಕೊಂಡಿತು.

ಎಲ್ಲರೂ ಕಥೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಇಲ್ಲಾಂದ್ರೆ ಸೀದಾ 2018ಕ್ಕೆ ಹಾರಿ, ಡಬ್ಲ್ಯುಡಬ್ಲ್ಯುಇ ಕುಸ್ತಿಗೆ ಹೋದ, ವೀರ್ ಮಹಾನ್ ಆದ ಅಂತಾರೆ. ನಡುವಿನ ವರ್ಷಗಳು ಯಾರಿಗೂ ಬೇಡ. ನನಗೆ ಇಷ್ಟವಾಗುವುದು ಅದೇ ಭಾಗ.

ಅಲ್ಲಿ ತಂಡ ಸೇರಿದ ಕೂಡಲೇ ಟಿವಿಯಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕೆಳಗೆ ಮೈನರ್ ಲೀಗ್ ಅಂತ ಮೆಟ್ಟಿಲುಗಳಿವೆ: ರೂಕಿ, ಸಿಂಗಲ್ ಎ, ಡಬಲ್ ಎ, ಟ್ರಿಪಲ್ ಎ. ನಮ್ಮ ಯಕ್ಷಗಾನ ಮೇಳದ ತಿರುಗಾಟ ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೋಡಂಗಿ, ಬಾಲಗೋಪಾಲ ಅಂತ ಶುರು ಮಾಡಿ, ದಿನಾ ಬೇರೆ ಊರು, ಬಸ್ಸಲ್ಲೇ ನಿದ್ದೆ, ಸಂಬಳ ಕಡಿಮೆ, ದೊಡ್ಡ ವೇಷ ಯಾವತ್ತು ಸಿಗುತ್ತದೋ ಗೊತ್ತಿಲ್ಲ, ಸಿಗದೆಯೂ ಇರಬಹುದು.

ಇನ್ನು ಅವನ ಕೆಲಸ: ಪಿಚರ್, ಅಂದರೆ ಚೆಂಡೆಸೆಯುವವನು. ಟ್ಯಾಗೋರ್ ಕಡಲತೀರದಲ್ಲಿ ಟೆನ್ನಿಸ್ ಬಾಲ್ ಮ್ಯಾಚ್ ಆಡುವಾಗ ಯಾರಾದರೂ ಮೊಣಕೈ ಮಡಚಿ ಎಸೆದರೆ "ತ್ರೋ, ತ್ರೋ" ಅಂತ ಗಲಾಟೆ ಆಗುತ್ತದಲ್ವಾ? ಬೇಸ್‌ಬಾಲ್‌ನಲ್ಲಿ ಮಾಡಬೇಕಾದ್ದೇ ಅದು. ಓಡಿಬರುವ ಹಾಗಿಲ್ಲ. ಮಣ್ಣಿನ ದಿಬ್ಬದ ಮೇಲೆ ನಿಂತು, ಒಂದು ಕಾಲೆತ್ತಿ, 18.44 ಮೀಟರ್ ದೂರಕ್ಕೆ ಎಸೆಯಬೇಕು. ಪಿಚ್ ಸಹಾಯ ಮಾಡುವುದಿಲ್ಲ, ಯಾಕಂದ್ರೆ ಎಲ್ಲವೂ ಫುಲ್ ಟಾಸ್. ಬೆರಳನ್ನು ಹೊಲಿಗೆಯ ಮೇಲೆ ಎಲ್ಲಿಡುತ್ತೀರಿ, ಬಿಡುವಾಗ ಮಣಿಕಟ್ಟು ಹೇಗೆ ತಿರುಗುತ್ತದೆ, ಚೆಂಡು ಬಾಗುವುದು ಅಷ್ಟರಿಂದಲೇ. ಬರೀ ಜೋರಾಗಿ ಎಸೆಯಲು ಬಂದವನು ಇದನ್ನೆಲ್ಲ ಶುರುವಿನಿಂದ ಕಲಿಯಬೇಕಿತ್ತು, ಜೊತೆಗೆ ಇಂಗ್ಲಿಷ್ ಕೂಡ.

2009ರ ಜುಲೈನಲ್ಲಿ ಫ್ಲಾರಿಡಾದ ರೂಕಿ ಲೀಗ್‌ನಲ್ಲಿ ಅವನ ಹೆಸರಿಗೆ ಒಂದು ಗೆಲುವು ಬಿತ್ತು (ಬೇಸ್‌ಬಾಲ್‌ನಲ್ಲಿ ತಂಡ ಗೆದ್ದರೆ ಆ ಗೆಲುವನ್ನು ಒಬ್ಬ ಪಿಚರ್ ಹೆಸರಿಗೆ ಬರೆಯುತ್ತಾರೆ). ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನಲ್ಲಿ ಗೆದ್ದ ಮೊದಲ ಭಾರತೀಯ ಪಿಚರ್ ಅವನೇ. 2010ರ ಕೊನೆಗೆ ದಿನೇಶ್‌ನನ್ನು ತಂಡದಿಂದ ಬಿಟ್ಟರು. ರಿಂಕು ಉಳಿದ. ಅಮೆರಿಕದಲ್ಲಿ ಚಳಿಗಾಲ ಅಂದರೆ ಆಟಕ್ಕೆ ರಜೆ, ಆದರೆ 2011ರ ಕೊನೆಗೆ ಅವನು ಆಸ್ಟ್ರೇಲಿಯಾಕ್ಕೆ ಹೋಗಿ ಕ್ಯಾನ್‌ಬೆರಾ ಕ್ಯಾವಲ್ರಿ ತಂಡಕ್ಕೆ ಆಡಿದ.

2012ರಲ್ಲಿ ಪೈರೇಟ್ಸ್‌ನ ಸಿಂಗಲ್ ಎ ತಂಡ ವೆಸ್ಟ್ ವರ್ಜೀನಿಯಾ ಪವರ್ ಪರ 72 ಇನ್ನಿಂಗ್ಸ್ ಎಸೆದ. ಇಆರ್‌ಎ 3.00, ಅಂದರೆ ಒಂಬತ್ತು ಇನ್ನಿಂಗ್ಸಿಗೆ, ಅಂದರೆ ಒಂದು ಪೂರ್ತಿ ಆಟಕ್ಕೆ, ಫೀಲ್ಡರ್‌ಗಳ ತಪ್ಪಿಂದ ಬಂದದ್ದು ಬಿಟ್ಟು ಅವನು ಕೊಟ್ಟದ್ದು ಸರಾಸರಿ ಮೂರೇ ರನ್. ನಾಲ್ಕು ವರ್ಷದ ಹಿಂದೆ ಬೇಸ್‌ಬಾಲ್ ಆಡಿಯೇ ಗೊತ್ತಿರದವನು ಇವನು! ಸುಮ್ನೆ ಪ್ರಚಾರಕ್ಕೆ ಇಟ್ಟುಕೊಂಡಿದ್ದರು ಅನ್ನುವವರು ಈ ಅಂಕಿ ನೋಡಿಲ್ಲ.

ಆಮೇಲೆ ಮೊಣಕೈ ಕೈಕೊಟ್ಟಿತು. 2013ರಲ್ಲಿ ಟಾಮಿ ಜಾನ್ ಸರ್ಜರಿ ಆಯಿತು. ಮೊಣಕೈಯ ಹರಿದ ಲಿಗಮೆಂಟ್ ಜಾಗಕ್ಕೆ ಮೈಯ ಬೇರೆ ಕಡೆಯ ಸ್ನಾಯುರಜ್ಜು ಹಾಕುತ್ತಾರೆ, ಮತ್ತೆ ಸರಿಯಾಗಿ ಎಸೆಯಲು ವರ್ಷಕ್ಕಿಂತ ಜಾಸ್ತಿ ಬೇಕು. ಇವನಿಗೆ 2015 ಕೂಡ ಆಡದೇ ಹೋಯಿತು. ಸಿಂಗಲ್ ಎ ದಾಟಲೇ ಇಲ್ಲ. ಆ ಮೆಟ್ಟಿಲಲ್ಲೇ ನಿಂತುಬಿಡುವ ಅಮೆರಿಕದ ಹುಡುಗರು ಬೇಕಾದಷ್ಟಿದ್ದಾರೆ, ಅವರೆಲ್ಲ ಐದಾರು ವರ್ಷದವರಿದ್ದಾಗಿಂದ ಆಡಿದವರು.