ನನ್ನ ಕಣ್ಣಿಗೆ ಬೀಳದ ಆರು

ನೀಲಗಿರಿ ತಾರ್ ಅನ್ನೋ ಕಾಡಾಡುಗಳ ಎಣಿಕೆಗೆ ಕೇರಳದ ಎರವಿಕುಲಂ ರಾಷ್ಟ್ರೀಯ ಉದ್ಯಾನಕ್ಕೆ ಹೋಗಿದ್ದೆ ಅಂದ್ರೆ ಎಲ್ಲರೂ ಕೇಳುವುದು ಒಂದೇ: "ರಾಜಮಲೆಯಲ್ಲಿ ಬಸ್ ಇಳಿದ ಕೂಡ್ಲೇ ಆಡುಗಳು ಫೋಟೋಗೆ ನಿಂತಿರ್ತಾವಲ್ಲ, ಅವನ್ನ ಎಣಿಸೋಕೆ ನಾಲ್ಕು ದಿನ ಬೇಕಾ?"

ಬೇಕಪ್ಪಾ. ಜನರಿಗೆ ಒಗ್ಗಿಕೊಂಡವು ಅಲ್ಲಿನ ಕೆಲವೇ. ಉಳಿದವು ಮುನ್ನಾರ್ ಬೆಟ್ಟಗಳ ಒಳಗೆ, ಮನುಷ್ಯರ ವಾಸನೆ ಬಂದರೆ ಸಿಳ್ಳೆ ಹಾಕಿ ಬಂಡೆಯಂಚಿಗೆ ಇಳಿದುಬಿಡುತ್ತವೆ. ನೀಲಗಿರಿ ತಾರ್ ಅನ್ನು ಅಲ್ಲಿಯವರು ವರಯಾಡು ಅನ್ನುತ್ತಾರೆ. ವರೈ ಅಂದರೆ ಕಡಿದಾದ ಬಂಡೆ. ಆಡು ನಮ್ಮ ಆಡೇ. ಒಂದು ಕಾಲದಲ್ಲಿ ಕೊಡಗಿನ ಬ್ರಹ್ಮಗಿರಿವರೆಗೂ ಇದ್ದವಂತೆ. ಈಗ ನೋಡಬೇಕೆಂದರೆ ಮೈಸೂರಿನವನಾದ ನಾನು ಗಡಿ ದಾಟಲೇಬೇಕು.

2025ರ ಏಪ್ರಿಲ್‌ನಲ್ಲಿ ಕೇರಳ, ತಮಿಳುನಾಡು ಒಟ್ಟಿಗೆ ಎಣಿಕೆ ಮಾಡಿದವು. ಆಡಿಗೆ ರಾಜ್ಯದ ಗಡಿ ಗೊತ್ತಿಲ್ಲವಲ್ಲ, ಬೇರೆ ಬೇರೆ ದಿನ ಎಣಿಸಿದರೆ ಒಂದೇ ಹಿಂಡು ಎರಡೂ ಲೆಕ್ಕಕ್ಕೆ ಬಂದುಬಿಡಬಹುದು.

ಕೆಲಸ ಹೇಗೆಂದರೆ, ಒಂದೇ ದಾರಿಯಲ್ಲಿ ಇಬ್ಬರು ಹೋಗಬೇಕು, ಒಟ್ಟಿಗೆ ಅಲ್ಲ. ಮೊದಲು ನಾನು. ಸ್ವಲ್ಪ ಹೊತ್ತಿನ ನಂತರ ಕಾಡು ಕಾಯುವ ವಾಚರ್ ಅಣ್ಣ, ಅಲ್ಲಿನ ಬೆಟ್ಟಗಳ ಮುದುವನ್ ಆದಿವಾಸಿ ಸಮುದಾಯದವರು. ಕಂಡ ಹಿಂಡು ಎಲ್ಲಿತ್ತು, ಹೆಣ್ಣು ಎಷ್ಟು, ಮರಿ ಎಷ್ಟು, ಬೆನ್ನ ಮೇಲೆ ಬಿಳಿಚಿಕೊಂಡ ದೊಡ್ಡ ಗಂಡು ಎಷ್ಟು, ಎಲ್ಲ ಬರೆಯಬೇಕು. "ಅಲ್ಲಿ ನೋಡಿ" ಅಂತ ಒಬ್ಬರಿಗೊಬ್ಬರು ಕೈಸನ್ನೆ ಕೂಡ ಮಾಡುವಂತಿಲ್ಲ. ಕೊನೆಗೆ ಎರಡೂ ಹಾಳೆ ಪಕ್ಕಪಕ್ಕ ಇಡುತ್ತಾರೆ. ಇಬ್ಬರಿಗೂ ಕಂಡ ಹಿಂಡು ಎಷ್ಟು, ಒಬ್ಬರಿಗೆ ಮಾತ್ರ ಕಂಡದ್ದೆಷ್ಟು ನೋಡಿದರೆ, ಇಬ್ಬರಿಗೂ ಕಾಣದೆ ಉಳಿದದ್ದು ಎಷ್ಟಿರಬಹುದು ಅಂತ ಲೆಕ್ಕ ಹಾಕಬಹುದು.

ಎರಡನೇ ದಿನ ಮಂಜು ಸರಿದಾಗ ನನಗೆ ಹದಿನಾಲ್ಕು ಸಿಕ್ಕಿದ್ದವು. ಭಾರೀ ಖುಷಿ. ಅಣ್ಣನ ಹಾಳೆಯಲ್ಲಿ ಅದೇ ಹದಿನಾಲ್ಕು, ಅದರ ಕೆಳಗೆ ಬೇರೊಂದು ಹಿಂಡಿನ ಆರು. ನನ್ನ ಕುತ್ತಿಗೆಯಲ್ಲಿ ದುಬಾರಿ ಬೈನಾಕ್ಯುಲರ್ ಬೇರೆ!

"ಎಲ್ಲಿದ್ದವು ಅಣ್ಣಾ?" ಅಂತ ನನ್ನ ಅರ್ಧಂಬರ್ಧ ತಮಿಳಿನಲ್ಲಿ ಕೇಳಿದೆ. "ನೀವು ಕೂತು ಬಿಸ್ಕೆಟ್ ತಿಂದ್ರಲ್ಲ ಸಾರ್, ಅದರ ಎದುರಿಗೇ" ಅಂದರು.

ಆ ವರ್ಷ ಒಟ್ಟು ಅಂದಾಜು 2,668 ಬಂತು. ಕೇರಳದಲ್ಲಿ 1,365, ತಮಿಳುನಾಡಿನಲ್ಲಿ 1,303. ಸುದ್ದಿ ಓದಿದ ದಿನ, ಬಿಸ್ಕೆಟ್ ತಿನ್ನುವಾಗ ಸುಮ್ನೆ ತೆಗೆದಿದ್ದ ಬಂಡೆಯ ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಐದು ಸಿಕ್ಕವು. ಆರನೆಯದನ್ನು ಇನ್ನೂ ಹುಡುಕುತ್ತಿದ್ದೇನೆ.