ಟಾರ್ಚಿಗೆ ಉಸಿರು ಬೇಡ

ಭಾನುವಾರದಿಂದ ಒಂದೇ ಮಾತು ತಲೆಯಲ್ಲಿ ಸುತ್ತುತ್ತಿದೆ. "ಟಾರ್ಚಿಗೆ ಉಸಿರು ಬೇಡ ಮಾರಾಯ, ನಿನಗೆ ಬೇಕಲ್ಲ!" ಹೇಳಿದ್ದು ನನ್ನ ಭಾವ, ನಮ್ಮ ಸುರಂಗದ ಬಾಯಿಯಲ್ಲಿ ನಿಂತು.

ಕಾಸರಗೋಡಿನ ಪೆರ್ಲದ ಈ ಕಡೆ ಗುಡ್ಡದ ಎಷ್ಟೋ ಮನೆಗಳಿಗೆ ಸುರಂಗದ ನೀರೇ ಗತಿ. ಸುರಂಗ ಅಂದರೆ ನೀರಿಗಾಗಿ ಗುಡ್ಡದ ಒಳಕ್ಕೆ ಅಡ್ಡವಾಗಿ ಕೊರೆದ ದಾರಿ. ನಮ್ಮದು ಅಜ್ಜನ ಕಾಲದ್ದು. ಮುರಕಲ್ಲಿನಲ್ಲಿ ಒಬ್ಬ ಮನುಷ್ಯ ನುಸುಳುವಷ್ಟು ಅಗಲ, ಅರುವತ್ತು ಕೋಲು ಉದ್ದ. ಈ ಸಲ ನೀರು ನೂಲಿನ ಹಾಗಾಯಿತು. ಒಳಗೆ ಮಣ್ಣು ಜರಿದಿರಬೇಕು ಅಂತ ಕೆಲಸದವರನ್ನು ಕರೆಸಿದೆ. ಒಬ್ಬರು ಹಿರಿಯರು, ಇನ್ನೊಬ್ಬ ಇಪ್ಪತ್ತೆರಡರ ಹುಡುಗ. ಹುಡುಗ ಕ್ಯಾಂಡಲ್ ಹಿಡಿದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಒಳಗಿನಿಂದ ಸ್ವರ ಕೇಳಿತು.

"ಕ್ಯಾಂಡಲ್ ನಂದಿತು. ತೊಂದರೆ ಇಲ್ಲ, ಮೊಬೈಲಿನ ಟಾರ್ಚ್ ಉಂಟು."

ನನಗೆ ಏನೂ ಅನ್ನಿಸಲಿಲ್ಲ. ಇದನ್ನು ಬರೆಯಲು ಕಷ್ಟವಾಗುತ್ತದೆ. ಆದರೆ ನಿಜ, ಏನೂ ಅನ್ನಿಸಲಿಲ್ಲ. ಕತ್ತಲಾಯಿತು, ಬೆಳಕು ಮಾಡಿಕೊಂಡ, ಅಷ್ಟೇ ಅಂದುಕೊಂಡು ಚಾ ಮಾಡಲು ಒಳಗೆ ಹೊರಟಿದ್ದೆ. ಭಾವ ಜಗಲಿಯಲ್ಲಿ ಪೇಪರ್ ಓದುತ್ತಾ ಇದ್ದರು. ಮಂಡಿನೋವಿನ ಮನುಷ್ಯ ಹಾಗೆ ಓಡಿದ್ದನ್ನು ನಾನು ನೋಡಿಯೇ ಇಲ್ಲ. ಸುರಂಗದ ಬಾಯಿಯಲ್ಲಿ ನಿಂತು ಆ ಮಾತು ಕೂಗಿದರು. ಮತ್ತೆ, "ಹಿಂದೆ ಬಾ. ಈಗಲೇ ಬಾ. ಹಾರೆ ಅಲ್ಲೇ ಇರಲಿ."

ಹುಡುಗ ಬಂದ. ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು ತಲೆ ಹಿಡಿದುಕೊಂಡ. ಕೈ ನಡುಗುತ್ತಿತ್ತು. ಅರ್ಧ ಗಂಟೆ ಬೇಕಾಯಿತು ಸರಿಯಾಗಲು. ಆಗ ಹಿರಿಯರು ಮೆಲ್ಲನೆ ಹೇಳಿದರು, ಅವರ ಅಪ್ಪ ಕ್ಯಾಂಡಲ್ ನಂದಿದರೆ ಆ ದಿನ ಮತ್ತೆ ಒಳಗೆ ಕಾಲಿಡುತ್ತಿರಲಿಲ್ಲವಂತೆ. ಕ್ಯಾಂಡಲ್ ಒಯ್ಯುತ್ತಿದ್ದದ್ದು ಬೆಳಕಿಗೆ ಮಾತ್ರ ಅಲ್ಲ. ಗಾಳಿಯಲ್ಲಿ ಆಕ್ಸಿಜನ್ ಶೇಕಡ 21 ಇರುತ್ತದೆ. ಅದು ಸುಮಾರು 16ಕ್ಕೆ ಇಳಿದರೆ ದೀಪ ನಿಲ್ಲುವುದಿಲ್ಲ. ಮನುಷ್ಯ ಇನ್ನೂ ಸ್ವಲ್ಪ ದೂರ ನಡೆಯುತ್ತಾನೆ. ವಾಪಸ್ ಬರಲು ಅವನಿಗೆ ಇರುವುದು ಅಷ್ಟೇ ಸಮಯ. ಮೊಬೈಲ್ ಬಂದ ಮೇಲೆ ಬೆಳಕು ಜಾಸ್ತಿಯಾಯಿತು, ಆ ಸೂಚನೆ ಹೋಯಿತು.

ಇವರನ್ನು ಕಳಿಸಿದ ಗುತ್ತಿಗೆಯವನಿಗೆ ಫೋನ್ ಮಾಡಿದೆ. "ಅರ್ಧಕ್ಕೆ ನಿಲ್ಲಿಸಿದರೆ ಸಂಬಳ ಯಾರು ಕೊಡುವುದು?" ಅಂತ ಕೇಳಿದ. ಹುಡುಗ ಹೇಗಿದ್ದಾನೆ ಅಂತ ಒಂದು ಮಾತು ಕೇಳಲಿಲ್ಲ. ಆ ಮನುಷ್ಯನ ಮೇಲೆ ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ಭಾವ ಕೆಜಿಎಫ್‌ನಲ್ಲಿ ಮೈನಿಂಗ್ ಡಿಪ್ಲೊಮಾ ಮಾಡಿ, ಕೊತ್ತಗೂಡೆಂ ಕಡೆಯ ಕಲ್ಲಿದ್ದಲು ಗಣಿಗಳಲ್ಲಿ ಮೂವತ್ತು ವರ್ಷ ದುಡಿದವರು. ಕೊನೆಯ ವರ್ಷಗಳಲ್ಲಿ ಹೊಸಬರಿಗೆ ಟ್ರೈನಿಂಗ್ ಕೊಡುತ್ತಿದ್ದರು. ಇಷ್ಟು ವರ್ಷ ನಾವು ಅವರ ಹತ್ತಿರ ಪೆನ್ಶನ್ ಎಷ್ಟು ಅಂತ ಕೇಳಿದ್ದೇವೆ, ಕೆಳಗೆ ಹೇಗಿರುತ್ತದೆ ಅಂತ ಕೇಳಿಲ್ಲ. ಆ ರಾತ್ರಿ ಕೇಳಿದೆ. ಅವರು ಅಡುಗೆಮನೆಯಿಂದ ಒಂದು ಸ್ಟೀಲ್ ಡಬ್ಬ ತಂದು ಸೊಂಟಕ್ಕೆ ಹಿಡಿದು ತೋರಿಸಿದರು. "ಇಷ್ಟು ದೊಡ್ಡದು. ಸೆಲ್ಫ್ ರೆಸ್ಕ್ಯೂಅರ್ ಅಂತ. ಬೆಂಕಿಯೋ ಸ್ಫೋಟವೋ ಆದರೆ ಕೂಡಲೇ ಬಾಯಿಗೆ ಹಾಕಿಕೊಂಡು, ಮೂಗಿಗೆ ಕ್ಲಿಪ್ ಸಿಕ್ಕಿಸಿ, ಹೊರಗೆ ನಡೆಯಬೇಕು."

ಮೊದಲು ಇದ್ದದ್ದು ಫಿಲ್ಟರ್ ಡಬ್ಬ. ಒಳಗೆ ಹಾಪ್ಕಲೈಟ್ ಅಂತ ಮ್ಯಾಂಗನೀಸ್ ಮತ್ತು ತಾಮ್ರದ ಆಕ್ಸೈಡುಗಳ ಹರಳು. ಕಲ್ಲಿದ್ದಲು ಹೊತ್ತಿದಾಗ ಬರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತಕ್ಕೆ ಆಕ್ಸಿಜನ್‌ಗಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. 1994ರ ಜನವರಿ 25ರಂದು ರಾಣಿಗಂಜಿನ ನ್ಯೂ ಕೆಂಡಾ ಗಣಿಯಲ್ಲಿ ಬೆಂಕಿ ಬಿದ್ದು 55 ಜನ ಹೋದರು. ಫಿಲ್ಟರ್ ಡಬ್ಬ ಆ ವಿಷಗಾಳಿಯನ್ನು ತಡೆಯುತ್ತದೆ. "ಆದರೆ ನಿಮ್ಮ ಸುರಂಗದಲ್ಲಿ ಅದು ಇದ್ದರೂ ಉಪಯೋಗ ಇಲ್ಲ," ಅಂದರು ಭಾವ. "ಅದು ಗಾಳಿ ಸೋಸುತ್ತದೆ, ಗಾಳಿ ಕೊಡುವುದಿಲ್ಲ."

ಗಾಳಿ ಕೊಡುವ ಡಬ್ಬ ಬೇರೆ. ಅದರಲ್ಲಿ ಪೊಟ್ಯಾಸಿಯಂ ಸೂಪರ್‌ಆಕ್ಸೈಡ್ ಎಂಬ ಹಳದಿ ಹರಳು. ನಾವು ಬಿಟ್ಟ ಉಸಿರಿನ ತೇವ ತಾಗಿ ಆಕ್ಸಿಜನ್ ಬರುತ್ತದೆ, ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅದೇ ಹೀರಿಕೊಳ್ಳುತ್ತದೆ. ಹೊರಗಿನ ಗಾಳಿಯ ಗೊಡವೆಯೇ ಇಲ್ಲ. ಅರ್ಧ ಗಂಟೆಯದ್ದೂ ಇದೆ, ಒಂದು ಗಂಟೆಯದ್ದೂ ಇದೆ. ಓಡಿದರೆ ಬೇಗ ಮುಗಿಯುತ್ತದೆ. ಮತ್ತೆ ಅದು ಬಿಸಿಯಾಗುತ್ತದೆ. ಬಾಯಿ ಒಣಗಿಸುವ ಬಿಸಿ ಗಾಳಿ. "ಹೊಸಬ ಹೆದರುವುದೇ ಅಲ್ಲಿ. ಕೆಟ್ಟುಹೋಗಿದೆ ಅಂತ ಕಿತ್ತು ಬಿಸಾಡಿದರೆ ಮುಗಿಯಿತು. ಬಿಸಿ ಬಂತು ಅಂದ್ರೆ ಅದು ಕೆಲಸ ಮಾಡ್ತಾ ಉಂಟು ಅಂತ ಲೆಕ್ಕ."

2006ರ ಜನವರಿಯಲ್ಲಿ ಅಮೆರಿಕದ ಸಾಗೋ ಗಣಿಯಲ್ಲಿ ಸ್ಫೋಟದ ನಂತರ ಒಳಗೆ ಸಿಕ್ಕಿಬಿದ್ದ 13 ಜನರಲ್ಲಿ 12 ಜನ ತೀರಿಕೊಂಡರು. ಉಳಿದ ಒಬ್ಬರು, ಕಡಿಮೆ ಅಂದರೂ ನಾಲ್ಕು ಡಬ್ಬ ಕೆಲಸ ಮಾಡಲಿಲ್ಲ, ಇದ್ದದ್ದನ್ನು ಹಂಚಿಕೊಂಡೆವು ಅಂತ ಬರೆದರು. ತನಿಖೆಯವರು ನೋಡಿದಾಗ ಡಬ್ಬಗಳು ಪೂರ್ತಿ ಖರ್ಚಾಗಿರಲಿಲ್ಲ. ಭಾವ ಪ್ರತಿ ತಂಡಕ್ಕೂ ಇದನ್ನು ಹೇಳುತ್ತಿದ್ದರಂತೆ. ಕಣ್ಣು ಮುಚ್ಚಿಸಿ, ಕತ್ತಲಲ್ಲಿ ಕೈ ತಾನಾಗಿ ಕ್ಲಿಪ್ ಹುಡುಕುವವರೆಗೆ ಡಬ್ಬ ಹಾಕಿಸುತ್ತಿದ್ದರು. ಬಾಯಲ್ಲಿ ಅದು ಇರುವಾಗ ಮಾತಾಡುವ ಹಾಗಿಲ್ಲ. ಮುಂದಿನವನ ಭುಜದ ಮೇಲೆ ಕೈ ಇಟ್ಟು ನಡೆಯುವುದು.

ನನಗೆ ನಿದ್ದೆ ಬರಲಿಲ್ಲ. ಅಲ್ಲಿ ಸೊಂಟದಲ್ಲಿ ಡಬ್ಬ ಇಲ್ಲದೆ ಯಾರನ್ನೂ ಇಳಿಸುವುದಿಲ್ಲ. ಯಾರು ಒಳಗಿದ್ದಾರೆ, ಯಾರು ಹೊರಗೆ ಬಂದರು ಅಂತ ಹಾಜರಿ ಉಂಟು. ಇಲ್ಲಿ ನಾನು ಆ ಹುಡುಗನ ಪೂರ್ತಿ ಹೆಸರೂ ಕೇಳಿರಲಿಲ್ಲ. ಸುರಂಗದ ನಡುವಿನಲ್ಲಿ ಗಾಳಿಗೆ ಅಂತ ಅಜ್ಜ ಮೇಲಿನಿಂದ ಒಂದು ಕಂಡಿ ತೋಡಿಸಿದ್ದರು. ಕರು ಬೀಳುತ್ತದೆ ಅಂತ ನಾಲ್ಕು ವರ್ಷದ ಹಿಂದೆ ಚಪ್ಪಡಿ ಮುಚ್ಚಿಸಿದ್ದು ನಾನೇ. ಹಿರಿಯರು ಆವತ್ತೇ ಕೇಳಿದ್ದರು, "ಅಕ್ಕಾ, ಮೇಲಿನ ಕಂಡಿ ತೆರೆದಿದೆಯಾ?" ಅಂತ. ತೆರೆದಿರಬಹುದು ಅಂದಿದ್ದೆ. ಹೋಗಿ ನೋಡಲಿಲ್ಲ.

ಸೋಮವಾರ ಚಪ್ಪಡಿ ತೆಗೆಸಿದೆ. ಕಂಡಿಯ ಸುತ್ತ ಬೇಲಿ ಹಾಕಿಸಿದೆ. ಕರೆಂಟಿನ ಬ್ಲೋವರ್ ಬಾಡಿಗೆಗೆ ತಂದು, ಪೈಪ್ ಇಳಿಸಿ ಎರಡು ದಿನ ಗಾಳಿ ಬಿಟ್ಟೆವು. ಬುಧವಾರ ಇಬ್ಬರೂ ಬಂದರು, ಗುತ್ತಿಗೆಯವನನ್ನು ಬಿಟ್ಟು. ಭಾವ ಹುಡುಗನ ಸೊಂಟಕ್ಕೆ ಹಗ್ಗ ಕಟ್ಟಿದರು. ಇನ್ನೊಂದು ತುದಿ ಹಿರಿಯರ ಕೈಯಲ್ಲಿ. ಹುಡುಗ ಕ್ಯಾಂಡಲ್ ಹಚ್ಚಿದ. ಮತ್ತೆ ಏನೋ ನೆನಪಾದ ಹಾಗೆ ಜೇಬಿಗೆ ಕೈ ಹಾಕಿ, ಮೊಬೈಲ್ ತೆಗೆದು ನನ್ನ ಕಡೆ ಚಾಚಿದ.

"ಅಕ್ಕಾ, ಇದು ನಿಮ್ಮ ಹತ್ತಿರ ಇರಲಿ."